ಬೈಲಹೊಂಗಲದ ಬಯಲಿನಲ್ಲಿ ಎದೆ ಹಾರಿದ ದಿನಗಳು

ಕಿತ್ತೂರು ದಾಟಿ ಬಿಸಿಲು ಏರುವ ಹೊತ್ತಿಗೆ ನೆಲ ಮುಗಿದುಹೋಯಿತು ಎಂದೇ ನನಗನ್ನಿಸಿತು. ಅಲ್ಲಿಯ ತನಕ ದಾರಿಯ ಎಡಬಲಕ್ಕೆ ಒಂದು ಗುಡ್ಡ, ಹುಣಸೆ ಮರ, ಕೆರೆಯ ಏರಿ, ಏನಾದರೂ ಕಣ್ಣಿಗೆ ಆಸರೆಯಾಗಿತ್ತು. ಗಾಡಿ ಒಂದು ದಿಣ್ಣೆ ಹತ್ತಿ ಇಳಿದದ್ದೇ ತಡ, ಮುಂದೆ ಕರಿಯ ಮಣ್ಣು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹತ್ತಿ ಬಿಡಿಸಿ ಮುಗಿದಿದ್ದ ಹೊಲಗಳು. ಬಿಸಿಲಿಗೆ ಬಿರಿದು ಬಾಯಿ ಬಿಟ್ಟ ನೆಲ. ನಾಲ್ಕೂ ಕಡೆ ಮಣ್ಣಿಗೆ ತಾಗಿಕೊಂಡು ನಿಂತ ಆಕಾಶ. ಹೊನ್ನಾವರದಲ್ಲಿ ಹುಟ್ಟಿದ ನಾನು ಸಮುದ್ರ ಕಾಣದವಳೇನಲ್ಲ. ಆದರೆ ಸಮುದ್ರವನ್ನು ನಾವು ದಡದಲ್ಲಿ ನಿಂತು ನೋಡುತ್ತೇವೆ, ಬೆನ್ನ ಹಿಂದೆ ತೆಂಗಿನ ತೋಪು ಇರುತ್ತದೆ, ಕರೆದರೆ ಓಗೊಡುವಷ್ಟು ಹತ್ತಿರ ಮನೆ ಇರುತ್ತದೆ. ಇಲ್ಲಿ ನಾನು ಅದರ ನಟ್ಟನಡುವೆ ಇದ್ದೆ.

ಮೊದಲು ಬೆರಳ ತುದಿಗಳು ಜುಮ್ಮೆಂದವು. ಆಮೇಲೆ ತುಟಿ ಮರಗಟ್ಟಿತು. ಎದೆ ಒಮ್ಮೆ ತಪ್ಪಿ ಬಡಿದು, ಮರುಕ್ಷಣವೇ ಕಟ್ಟು ಬಿಚ್ಚಿದ ಹೋರಿಯ ಹಾಗೆ ಓಡತೊಡಗಿತು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ. ನಾನು ಸಾಯುತ್ತಿದ್ದೇನೆ ಎಂಬುದು ನನಗೆ ಸಂಶಯವಾಗಿ ಬರಲಿಲ್ಲ, ಎಷ್ಟೋ ಕಾಲದಿಂದ ಗೊತ್ತಿದ್ದ ಸಂಗತಿಯಂತೆ ಬಂತು. ಗಾಡಿಯಿಂದ ಧುಮುಕಿ ಅದರ ಅಡಿಗೆ ತೂರಿ, ಗಾಲಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮಲಗಿಬಿಟ್ಟೆ.

ಗಾಡಿ ಹೊಡೆಯುತ್ತಿದ್ದ ರಾಜೇಸಾಬ ಇಳಿದು ಬಂದು ಬಗ್ಗಿ ನೋಡಿದ. "ಏನಾತ್ರಿ ಅಕ್ಕಾರ? ಮೈಯಾಗ ನೆಟ್ಟಗಿಲ್ಲೇನ್ರಿ?"

ನನ್ನ ಬೆವರು, ನಡುಕ ನೋಡಿ ಅವನು ನಿಂತಲ್ಲಿಂದಲೇ ಹಿಂದಕ್ಕೆ ಸರಿದ. ದೂರ ನಿಂತು, ತಗ್ಗಿದ ದನಿಯಲ್ಲಿ ಕೇಳಿದ: "ಬಗಲಾಗ ಏನರ ಗಂಟ ಎದ್ದೈತೇನ್ರಿ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ನಾ ಸಣ್ಣ ಸಣ್ಣ ಮಕ್ಕಳ ತಂದಿ ಅದೇನ್ರಿ" ಎಂದ.

ಸ್ವಲ್ಪ ಹೊತ್ತಿಗೆ ಅದು ಬಂದ ಹಾಗೆಯೇ ಇಳಿದುಹೋಯಿತು. ನಾನು ನಾಚಿಕೆಯಿಂದ ಎದ್ದು ಗಾಡಿ ಹತ್ತಿದೆ. ರಾಜೇಸಾಬ ಮಾತ್ರ ಮತ್ತೆ ಗಾಡಿ ಹತ್ತಲಿಲ್ಲ. ರುಮಾಲಿನ ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡು, ಎತ್ತಿನ ಹಗ್ಗ ಹಿಡಿದು, ಬೈಲಹೊಂಗಲ ಬರುವ ತನಕ ಬಿಸಿಲಿನಲ್ಲಿ ಮುಂದೆ ಮುಂದೆ ನಡೆದ. ಅವನನ್ನು ದೂರುವಂತಿರಲಿಲ್ಲ. ಅದು ಪ್ಲೇಗಿನ ಕಾಲ. ಇಲ್ಲಿಯವರು ಅದಕ್ಕೆ ಗಡ್ಡಿ ಬ್ಯಾನಿ ಎನ್ನುತ್ತಾರೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆಂದು ಆ ಹೆಸರು. ಬ್ಯಾನಿ ಎಂದರೆ ಬೇನೆ, ರೋಗ. ನನ್ನ ಗಂಡ ಹುಬ್ಬಳ್ಳಿಯ ರೈಲು ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದವರು ಅದರಿಂದಲೇ ಹೋದರು. ಸುದ್ದಿ ಬಂದು ನಾನು ಘಟ್ಟ ಹತ್ತಿ ತಲುಪಿದಾಗ ಅವರಿಗಿನ್ನೂ ಪ್ರಜ್ಞೆ ಇತ್ತು. ನನ್ನ ಕಣ್ಣೆದುರಿಗೇ ಅವರನ್ನು ಡೋಲಿಯಲ್ಲಿ ಹಾಕಿಕೊಂಡು ಊರ ಹೊರಗಿನ ಝೋಪಡಿಗೆ ಒಯ್ದರು. ಝೋಪಡಿ ಎಂದರೆ ತಟ್ಟಿಯ ಗುಡಿಸಲು. ನನ್ನನ್ನು ಒಳಗೆ ಬಿಡಲಿಲ್ಲ. ಒಯ್ಯುವಾಗ ಅವರ ಎದೆ ಅಂಗಿಯ ಮೇಲಿಂದಲೇ ಕಾಣುವಷ್ಟು ಬಡಿದುಕೊಳ್ಳುತ್ತಿತ್ತು. ಹಾಗಾಗಿ ನನ್ನ ಎದೆ ಬಡಿದುಕೊಂಡಾಗಲೆಲ್ಲ ನಾನು ಇನ್ನೇನನ್ನು ನೆನೆಯಲು ಸಾಧ್ಯವಿತ್ತು?

ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ನನ್ನನ್ನು ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಗೆ ಹಾಕಿದ್ದರು. ಶಾಲೆಗೆ ಇಲ್ಲಿ 'ಸಾಲಿ' ಎನ್ನುತ್ತಾರೆ, ಕಲಿಸುವ ಹೆಂಗಸಿಗೆ 'ಅಕ್ಕಾರು'. ಹೋಗಬೇಡ ಎಂದು ಅಣ್ಣ ಹೇಳಿದ, ಅವ್ವ ಅತ್ತಳು. ಆದರೆ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಮುಪ್ಪಾಗುವುದನ್ನು ನೆನೆದರೆ ನನಗೆ ಬೇರೆ ಬಗೆಯ ಉಸಿರುಗಟ್ಟುತ್ತಿತ್ತು. ಬಂದುಬಿಟ್ಟೆ.

ಬಾಡಿಗೆ ಕೋಣೆ ಸಿಕ್ಕಿದ್ದು ಗಂಗವ್ವನ ಮನೆಯಲ್ಲಿ. ಅವಳು ಗಂಡನನ್ನು ಕಳೆದುಕೊಂಡ, ಎತ್ತರದ, ದೊಡ್ಡ ದನಿಯ ಹೆಂಗಸು. ಮಗ ಈರಪ್ಪ ಹತ್ತಿಯ ಗಿರಣಿಯಲ್ಲಿ ದುಡಿಯುತ್ತಿದ್ದ. ಸೊಸೆ ಶಿವಕ್ಕ ಆಗ ಚೊಚ್ಚಲ ಬಸುರಿ. ಗಂಗವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಮೀನ ತಿನ್ನೂ ಮಂದಿ ಅಂತ ಕೇಳೇನಿ. ನಮ್ಮ ಮನ್ಯಾಗ ಅದು ನಡೆಯೂದಿಲ್ಲ ನೋಡ್ರಿ. ಅದೊಂದ ಬಿಟ್ರ ಈ ಮನಿ ನಿಮ್ಮದಂತ ತಿಳೀರಿ" ಎಂದಳು.

ನಮ್ಮ ಕಡೆಯ ಮನೆಗೆ ಸುತ್ತಲೂ ಜಗಲಿ, ನಾಲ್ಕು ಕಡೆ ಗಾಳಿ. ಇಲ್ಲಿಯ ಮನೆಗೆ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಒಂದೇ ಬಾಗಿಲು, ಮೇಲೆ ಮಣ್ಣಿನದೇ ಮಾಳಿಗೆ. ಬಾಗಿಲ ಒಳಗೆ ಕಾಲಿಟ್ಟರೆ ಮೊದಲು ಎಮ್ಮೆ, ಎತ್ತು ಕಟ್ಟುವ ಜಾಗ, ಅದರಾಚೆ ಎತ್ತರದ ಪಡಸಾಲೆಯಲ್ಲಿ ಮನುಷ್ಯರು. ಒಂದೇ ಸೂರಿನ ಕೆಳಗೆ ಎಲ್ಲರೂ. ಮೊದಲ ವಾರ ನನಗೆ ವಾಸನೆಗೆ ತಲೆ ತಿರುಗಿತು. ಆಮೇಲೆ ಆ ಎಮ್ಮೆಗಳ ನಿಧಾನದ ಉಸಿರನ್ನೇ ಕೇಳುತ್ತ ಮಲಗುವುದು ರೂಢಿಯಾಯಿತು. ಅನ್ನ ಹಬ್ಬದ ದಿನ ಮಾತ್ರ. ಉಳಿದ ದಿನ ಜೋಳದ ರೊಟ್ಟಿ, ಕಾರಬ್ಯಾಳಿ ಎಂಬ ಖಾರದ ಬೇಳೆ, ಗುರೆಳ್ಳಿನ ಹಿಂಡಿ ಎಂಬ ಚಟ್ನಿಪುಡಿ. ರೊಟ್ಟಿ ಬಡಿಯಲು ಹೋದರೆ ನನ್ನದು ಅಂಚು ಒಡೆದು ಸಮುದ್ರದ ನಕ್ಷತ್ರಮೀನಿನ ಹಾಗೆ ಆಗುತ್ತಿತ್ತು. ಶಿವಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೀರಿನ ರುಚಿ ಸವುಳು. ಎಷ್ಟು ಕುಡಿದರೂ ಬಾಯಾರಿಕೆ ಹೋಗದು. ಸ್ನಾನಕ್ಕೆ ಜಳಕ. ನಾನು 'ಮೀಯಬೇಕು' ಎಂದರೆ ಗಂಗವ್ವ "ಮೇಯಾಕ ನೀವೇನ ದನ ಏನ್ರಿ?" ಎಂದು ಊರಿಗೆಲ್ಲ ಹೇಳಿ ನಗಿಸಿದಳು. ನಾನೂ ನಕ್ಕೆ. ಆದರೆ ನಗುವಾಗಲೂ ಒಳಗೊಂದು ಕಿವಿ ಎದೆಯ ಬಡಿತವನ್ನೇ ಕೇಳುತ್ತಿತ್ತು.

ಅದು ಮತ್ತೆ ಬಂತು. ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಒಮ್ಮೆ ಬಂತು. ಬಾವಿಕಟ್ಟೆಯ ಮೇಲೆ ಹಗ್ಗ ಕೈಯಲ್ಲಿರುವಾಗ ಬಂತು, ಕೊಡ ಬಾವಿಗೆ ಬಿತ್ತು. ಶಾಲೆಯಲ್ಲಿ ಬಂದಾಗ ನಾನೊಂದು ಉಪಾಯ ಮಾಡಿಕೊಂಡೆ. ಹುಡುಗಿಯರಿಗೆ ಗಟ್ಟಿಯಾಗಿ ಮಗ್ಗಿ ಹೇಳಲು ಹೇಳಿ, ನಾನು ಗೋಡೆಯ ಕಡೆ ತಿರುಗಿ ಹಲಗೆ ಒರೆಸುವವಳಂತೆ ನಿಂತುಬಿಡುತ್ತಿದ್ದೆ. ಒರೆಸಲು ಏನೂ ಇಲ್ಲದ ಹಲಗೆಯನ್ನು ಎಷ್ಟು ಸಲ ಒರೆಸಿದ್ದೇನೋ! ಅಕ್ಕಾರಿಗೆ ಮೂರ್ಛೆ ರೋಗವಿದೆ ಎಂದು ಒಮ್ಮೆ ಸುದ್ದಿಯಾದರೆ ಕೆಲಸ ಹೋಗುತ್ತಿತ್ತು, ಮತ್ತೆ ಅದೇ ಅಡುಗೆಕೋಣೆ.

ಇದನ್ನು ಅನುಭವಿಸದವರಿಗೆ ಹೇಳಬೇಕಾದದ್ದು ಇನ್ನೊಂದಿದೆ. ಅದು ಬಂದಾಗಿನ ಹೆದರಿಕೆಗಿಂತ ಬರದೆ ಇದ್ದಾಗಿನ ಹೆದರಿಕೆ ದೊಡ್ಡದು. ಬಂದಾಗ ಒಂದಿಷ್ಟು ಹೊತ್ತು. ಬರುತ್ತದೇನೋ ಎಂಬ ಕಾಯುವಿಕೆ ಇಡೀ ದಿನ. ಅದು ಬಂದ ಜಾಗಗಳನ್ನೆಲ್ಲ ನಾನು ಬಿಡುತ್ತ ಬಂದೆ. ಸಂತೆ ಬಿಟ್ಟೆ. ಬಾವಿಗೆ ಹೋಗುವುದನ್ನು ಬಿಟ್ಟು ಶಿವಕ್ಕನ ಕೈಲಿ ನೀರು ತರಿಸಿದೆ, ಬಸುರಿಯ ಕೈಲಿ. ಊರ ಅಂಚಿನ ಮನೆಗಳು ಮುಗಿದು ಬಯಲು ಕಾಣುವ ಓಣಿಗಳಿಗೆ ಕಾಲಿಡುವುದನ್ನು ಬಿಟ್ಟೆ. ಕೊನೆಗೆ ನನ್ನ ಬೈಲಹೊಂಗಲ ಎಂದರೆ ಕೋಣೆಯಿಂದ ಶಾಲೆಗೆ ಹೋಗುವ ಒಂದು ಓಣಿ, ಅದೂ ಗೋಡೆ ಹಿಡಿದುಕೊಂಡು.

ಗಂಗವ್ವನ ಕಣ್ಣು ತಪ್ಪಿಸಲಾಗಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಲ್ಲೇ ನಾನು ಅದುರುತ್ತ ವಾಲಿದೆ. ಅವಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹೊಗೆಗೆ ಕೆಮ್ಮು ಬಂತೇ ಹೊರತು ಎದೆಯ ಓಟ ನಿಲ್ಲಲಿಲ್ಲ. "ಗಾಳಿ ಸೋಂಕೈತಿ" ಎಂದು ತೀರ್ಮಾನಿಸಿ, ಮುಂದಿನ ಸೂಟಿಯಲ್ಲಿ, ಅಂದರೆ ಶಾಲೆಯ ರಜೆಯಲ್ಲಿ, ಗಾಡಿ ಕಟ್ಟಿಸಿ ಸವದತ್ತಿಯ ಗುಡ್ಡದ ದೇವಿಯ ಗುಡಿಗೆ ಕರೆದೊಯ್ದಳು. ಮುನವಳ್ಳಿ ಅವಳ ತವರು. ಅಲ್ಲಿ ಉಂಡು, ಮಲಪ್ರಭೆ ದಾಟಿ, ಗುಡ್ಡ ಹತ್ತಿದೆವು. ಹಣೆ ತುಂಬ ದೇವಿಯ ಅರಿಸಿನದ ಭಂಡಾರ ಬಳಿಸಿಕೊಂಡೆ, ತೋಳಿಗೆ ತಾಯಿತ ಕಟ್ಟಿಸಿಕೊಂಡೆ. ಮೆಟ್ಟಿಲು ಇಳಿಯುವಾಗ ಕೆಳಗಿನ ಬಯಲು ಕಂಡದ್ದೇ ಅದು ಬಂತು, ತಾಯಿತ ತೋಳಿನಲ್ಲಿ ಇರುವಂತೆಯೇ.

ಗಂಗವ್ವ ನನ್ನನ್ನು ಕಲ್ಲಿನ ಮೇಲೆ ಕೂಡಿಸಿ ತಾನೂ ಕೂತಳು. ಈ ಸಲ ಏನೂ ಮಾಡಲಿಲ್ಲ. ಅದು ಇಳಿದ ಮೇಲೆ ಕೇಳಿದಳು: "ಹಿಂಗಾದಾಗ ಏನ ಅನಸತೈತ್ರಿ ನಿಮಗ?"

"ಸಾಯ್ತೇನೆ ಅನ್ನಿಸ್ತದೆ."

"ಈಗ ಸತ್ತೀರೇನು?"

"ಇಲ್ಲ."

"ಒಲಿ ಮುಂದ ಬಿದ್ದಾಗ?"

"ಇಲ್ಲ."

"ಬಾವಿ ಮ್ಯಾಲ, ನನ್ನ ಕೊಡ ಕಳದ ದಿನಾ?"

ನನಗೆ ಅಳುವಿನ ನಡುವೆ ನಗು ಬಂತು. ಅವಳು ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡುತ್ತ ಹೇಳಿದಳು: "ನನಗೂ ಹಾರತಿತ್ತು ಎದಿ. ನನ್ನ ಮಗಳು ಹೋದ ಮ್ಯಾಲ. ರೊಟ್ಟಿ ಬಡಿಯೂಮುಂದ ಕೈ ಜೋಂ ಹಿಡಿದು, ಹೊರಗ ಓಡಿ ಹೋಗ್ಬೇಕ ಅನಸ್ತಿತ್ತು. ಎಲ್ಲಿಗೆ ಓಡೂದು?"

"ಯಾರಿಗೂ ಹೇಳಲಿಲ್ವಾ?"

"ಏನಂತ ಹೇಳ್ಲಿ? ಅಂಜಿಕಿ ಬರತೈತಿ ಅಂದ್ರ, ಯಾರ ಅಂಜಿಕಿ ಅಂತ ಕೇಳ್ತಾರ. ಅತ್ತಿ ಅಂಜಿಕೇನು, ಗಂಡನ ಅಂಜಿಕೇನು ಅಂತಾರ. ಯಾರದೂ ಅಲ್ಲ ಅಂದ್ರ ಹುಚ್ಚಿ ಅಂತಾರ."

ಹೇಗೆ ಹೋಯಿತು ಎಂದು ಕೇಳಿದೆ. "ಹೋಗೇತಿ ಅಂತ ಯಾರ ಹೇಳಿದ್ರು?" ಎಂದು ಎದ್ದು ಸೀರೆ ಕೊಡವಿಕೊಂಡಳು.

ಆ ಮಾತಿಗೆ ನನ್ನ ರೋಗವೇನೂ ವಾಸಿಯಾಗಲಿಲ್ಲ. ಆದರೆ ಅಂದಿನಿಂದ ಒಂದು ಮನೆಯಲ್ಲಾದರೂ ನಾನು ಗೋಡೆಯ ಕಡೆ ತಿರುಗಿ ನಿಲ್ಲಬೇಕಾಗಲಿಲ್ಲ.

ಬೇಸಗೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಸುದ್ದಿ ಬಂತು, ರಾಮದುರ್ಗದಲ್ಲಿ ಇಲಿ ಬೀಳುತ್ತಿವೆ. ಇಲಿ ಸತ್ತು ಬಿದ್ದ ಮನೆಯಲ್ಲಿ ಮುಂದೆ ಮನುಷ್ಯರು ಬೀಳುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರನ್ನು ಊರ ಹೊರಗೇ ತಡೆದರು. ಡಾಕ್ಟರೊಬ್ಬರು ಪೋಲೀಸರನ್ನು ಕರೆದುಕೊಂಡು ಓಣಿ ಓಣಿ ತಿರುಗಿ ಮನೆಮನೆಯವರ ನಾಡಿ ನೋಡತೊಡಗಿದರು. ಒಬ್ಬರ ಮೇಲೆ ಸಂಶಯ ಬಂದರೂ ಇಡೀ ಮನೆಯವರು ಹೊರಗೆ. ಮಾಳಿಗೆಗೆ ತೂತು ಕೊರೆದು ಬಿಸಿಲು ಬಿಡುತ್ತಿದ್ದರು, ಕಾಳುಕಡಿಗೆ ಔಷಧದ ನೀರು ಸುರಿಯುತ್ತಿದ್ದರು, ಜನರನ್ನು ಬಯಲಿನ ಝೋಪಡಿಗೆ ಹಾಕುತ್ತಿದ್ದರು. ಶಿವಕ್ಕನಿಗೆ ದಿನ ತುಂಬಿತ್ತು. ಹೊರಗೆ ಮಳೆ, ಕೆಸರು.

ನನಗೆ ಪ್ಲೇಗಿನ ಹೆದರಿಕೆಗಿಂತ ಹೆಚ್ಚಿನ ಹೆದರಿಕೆ ಹತ್ತಿತು. ಡಾಕ್ಟರು ನನ್ನ ಕೈ ಹಿಡಿದ ಗಳಿಗೆಯಲ್ಲೇ ಎದೆ ಹಾರಿದರೆ? ನನ್ನ ಸುಳ್ಳು ರೋಗಕ್ಕೆ ಈ ಮನೆಯವರು ನಿಜವಾಗಿ ಬೀದಿಪಾಲಾದರೆ? ಇದನ್ನು ನೆನೆದಾಗಲೇ ಬೆರಳು ಜುಮ್ಮೆನ್ನುತ್ತಿತ್ತು.

ಅವರು ಬಂದ ದಿನ ನಮ್ಮನ್ನು ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿದರು. ನೆರೆಹೊರೆಯವರು ಕಟ್ಟೆಗಳ ಮೇಲೆ ನಿಂತು ನೋಡುತ್ತಿದ್ದರು, ನನ್ನ ಶಾಲೆಯ ಹುಡುಗಿಯರ ತಾಯಂದಿರೂ ಇದ್ದರು. ಈರಪ್ಪ ಆಯಿತು. ಶಿವಕ್ಕ ಆಯಿತು. ಗಂಗವ್ವನ ಕೈ ಹಿಡಿಯುವಾಗ ನನ್ನ ತುಟಿ ಮರಗಟ್ಟಿತು. ನನ್ನ ಸರದಿ ಬರುವಷ್ಟರಲ್ಲಿ ಅಂಗಳ ತೇಲುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. "ನಾಡಿ ಭಾಳ ಜೋರ ಓಡಾಕ ಹತ್ತೇತಿ" ಎಂದು ಜೊತೆಯವನಿಗೆ ಹೇಳಿದರು. ಕಟ್ಟೆಯ ಮೇಲಿನವರೆಲ್ಲ ಒಮ್ಮೆಗೇ ಹಿಂದೆ ಸರಿದ ಸದ್ದು ನನಗೆ ಕೇಳಿಸಿತು. ಪೋಲೀಸಿನವನು ಆಗಲೇ ಮಾಳಿಗೆಯ ಕಡೆ ನೋಡುತ್ತಿದ್ದ.

ಎಲ್ಲಿಂದ ಬಂತೋ ದನಿ, ಹೇಳಿಬಿಟ್ಟೆ. "ಜ್ವರ ಅಲ್ಲ ಸಾಹೇಬ್ರೇ. ನನಗೆ ಹೆದರಿಕೆ ಆಗಿದೆ. ಇದು ನನಗೆ ಈ ಊರಿಗೆ ಬರುವಾಗಿನಿಂದ ಬರ್ತದೆ. ಗಾಡಿಯಲ್ಲಿ ಬಂದಿತ್ತು, ಬಾವಿಯ ಹತ್ತಿರ ಬಂದಿತ್ತು, ಶಾಲೆಯಲ್ಲೂ ಬರ್ತದೆ. ಎದೆ ಓಡ್ತದೆ, ಆಮೇಲೆ ತಾನೇ ನಿಲ್ತದೆ. ಮೈ ಮುಟ್ಟಿ ನೋಡಿ, ಬಿಸಿ ಇಲ್ಲ."

"ಯಾರ ಹೆದರಿಕಿ? ನಂದಾ?" ಎಂದರು ಡಾಕ್ಟರು.

"ಯಾರದ್ದೂ ಅಲ್ಲ."

ಗುಂಪಿನಲ್ಲಿ ಯಾರೋ ನಕ್ಕರು. ಡಾಕ್ಟರು ನಗಲಿಲ್ಲ. ಬಾಯಿಗೆ ಗಾಜಿನ ನಳಿಕೆ ಇಟ್ಟು ನೋಡಿದರು, ಒರೆಸಿ ಮತ್ತೊಮ್ಮೆ ಇಟ್ಟು ನೋಡಿದರು. ಜ್ವರ ಇರಲಿಲ್ಲ. ಆದರೂ ಅವರಿಗೆ ಧೈರ್ಯ ಸಾಲಲಿಲ್ಲ. "ನಿಮ್ಮನ್ನ ಅಷ್ಟ ಝೋಪಡಿಯೊಳಗ ಇಟ್ಟು ನೋಡ್ತೇವಿ. ಜ್ವರ ಬಂದ್ರ ಈ ಮನಿ ಖಾಲಿ ಮಾಡಸಬೇಕಾಗತೈತಿ" ಎಂದರು.

"ಒಬ್ಬಾಕೀನ ಕಳಸೂದಿಲ್ಲ" ಎಂದು ಗಂಗವ್ವ ನನ್ನ ತೋಳು ಹಿಡಿದಳು.

"ಶಿವಕ್ಕನನ್ನು ನೋಡಿ" ಎಂದೆ. ಅವಳು ಕೈ ಬಿಟ್ಟಳು.

ಝೋಪಡಿ ಇದ್ದದ್ದು ಊರು ಬಿಟ್ಟು ದೂರದ ಹೊಲದಲ್ಲಿ. ಒಂದು ತಟ್ಟಿ ಸರಿಸಿದರೆ ಬಾಗಿಲು. ಹೊರಗೆ ಸುತ್ತ ಜಾಲಿಮುಳ್ಳಿನ ಬೇಲಿ, ಅದರಾಚೆ ಕಾವಲಿನವನೊಬ್ಬ, ಅವನಾಚೆ ನಾಲ್ಕೂ ದಿಕ್ಕಿಗೆ ಆ ಬಯಲು. ಮಳೆಗೆ ನೆನೆದು ಮತ್ತಷ್ಟು ಕಪ್ಪಾಗಿತ್ತು. ಗೋಡೆಯಿಲ್ಲ, ಗಾಲಿಯಿಲ್ಲ, ಮಗ್ಗಿ ಹೇಳುವ ಹುಡುಗಿಯರಿಲ್ಲ. ನನ್ನ ಗಂಡನನ್ನು ಒಯ್ದು ಹಾಕಿದ್ದು ಇಂಥದೇ ತಟ್ಟಿಯ ಒಳಗೆ. ಅವರು ಕೊನೆಗೆ ಏನು ನೋಡುತ್ತ ಮಲಗಿದ್ದರೆಂದು ಅಂದು ನನಗೆ ತಿಳಿಯಿತು.

ಮೊದಲ ದಿನ ಅದು ಒಂದರ ಬೆನ್ನಿಗೆ ಒಂದು ಬಂತು. ಪ್ರತಿ ಸಲವೂ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಿರುಚಿ ಬೇಲಿಯ ತನಕ ಓಡಿದೆ. ಕಾವಲಿನವನು "ಒಳಗ ಹೋಗ್ರಿ, ಕೈ ಮುಗೀತೇನಿ" ಎಂದ, ಪಾಪ. ಅವನಿಗೂ ಹೆದರಿಕೆ. ಓಡಲು ಜಾಗವಿರಲಿಲ್ಲ, ಇದ್ದ ಜಾಗವೆಲ್ಲ ನಾನು ಹೆದರುವ ಜಾಗವೇ ಆಗಿತ್ತು. ದಣಿದು ಕೆಸರಿನಲ್ಲೇ ಕೂತೆ. ಕೂತಿದ್ದಾಗಲೇ ಅದು ಏರಿತು, ನೆತ್ತಿ ಮುಟ್ಟಿತು, ಇಳಿಯಿತು. ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಗವ್ವ ಬಂದಳು. ರೊಟ್ಟಿಯ ಗಂಟನ್ನು ಬೇಲಿಯ ಬುಡದ ಕಲ್ಲಿನ ಮೇಲಿಟ್ಟು, ಹಿಂದೆ ಸರಿದು, ಗೋಣಿಚೀಲ ಹಾಸಿ ಕೂತಳು. ಮೊರದ ತುಂಬ ಜೋಳ ತಂದಿದ್ದಳು, ಹಸನು ಮಾಡಲು. ದಿನವೂ ಬಂದಳು. ಬೇಲಿಯಾಚೆಯಿಂದ ಊರ ಸುದ್ದಿಯನ್ನೆಲ್ಲ ಆ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ನಡುವೆ ನನ್ನ ಮುಖ ನೋಡಿ ಗುರುತು ಹಿಡಿಯುತ್ತಿದ್ದಳು.

"ಬಂತೇನು?"

"ಬಂತು."

"ಬರ್ಲಿ. ನಾ ಇಲ್ಲೇ ಅದೇನಿ."

ಮೊರ ಕೇರುವ ಸದ್ದು. ಕಲ್ಲು ಆರಿಸಿ ಎಸೆಯುವಳು. ಮತ್ತೆ ಸ್ವಲ್ಪ ಹೊತ್ತಿಗೆ, "ಹೋತೇನು?"

"ಇಲ್ಲ."

ಮತ್ತೆ ಮೊರದ ಸದ್ದು. "ಈಗ?"

"ಹೋಗ್ತಾ ಇದೆ."

"ಹೋಗ್ಲಿ. ರೊಟ್ಟಿ ತಿನ್ರಿ, ಆರಾಕ ಹತ್ಯಾವು."

ಜ್ವರ ಬರಲಿಲ್ಲ. ಡಾಕ್ಟರು ಬಿಟ್ಟರು. ನಾನು ಗಾಡಿ ಬೇಡವೆಂದು ಗಂಗವ್ವನ ಜೊತೆ ಆ ಬಯಲನ್ನು ನಡೆದೇ ದಾಟಿ ಊರಿಗೆ ಬಂದೆ. ಧೈರ್ಯ ಬಂತೆಂದು ಬರೆದರೆ ಸುಳ್ಳಾದೀತು. ದಾರಿಯುದ್ದಕ್ಕೂ ಕಾಲು ನಡುಗುತ್ತಿತ್ತು, ಒಂದು ಕಡೆ ಅದು ಬಂದೂ ಬಂತು. ನಡುಗುವ ಕಾಲಿನಲ್ಲೇ ನಡೆಯಬಹುದೆಂದು ಮಾತ್ರ ತಿಳಿಯಿತು. ಶಿವಕ್ಕ ತನ್ನ ಪಡಸಾಲೆಯಲ್ಲೇ, ಒಣಗಿದ ನೆಲದ ಮೇಲೆ ಹೆಣ್ಣು ಹೆತ್ತಳು.

ಊರು ನನ್ನನ್ನು ಮೊದಲಿನಂತೆ ನೋಡಲಿಲ್ಲ. ದೆವ್ವ ಹಿಡಿದ ಅಕ್ಕಾರ ಎಂದು ಕೆಲವರು ಹುಡುಗಿಯರನ್ನು ಬಿಡಿಸಿದರು. ಕೆಲವರು ತಿಂಗಳು ಬಿಟ್ಟು ಮತ್ತೆ ಕಳಿಸಿದರು. ಆದರೆ ಒಂದು ದಿನ ಬಾವಿಕಟ್ಟೆಯಲ್ಲಿ, ನನಗೆ ಹೆಸರೂ ಗೊತ್ತಿಲ್ಲದ ಹೆಂಗಸು ಹಗ್ಗ ಸುತ್ತುವ ನೆಪದಲ್ಲಿ ಹತ್ತಿರ ಬಂದು, "ಅಕ್ಕಾರ, ಅವತ್ತ ಡಾಕ್ಟರಗ ಹೇಳಿದ್ರೆಲ್ಲ, ಅದು ನನಗೂ ಬರತೈತ್ರಿ" ಎಂದು ಪಿಸುಗುಟ್ಟಿದಳು. ಆಮೇಲೆ ಇನ್ನೂ ಒಬ್ಬಿಬ್ಬರು ಹೇಳಿದರು. ನನ್ನಲ್ಲಿ ಅವರಿಗೆ ಕೊಡುವ ಔಷಧ ಇರಲಿಲ್ಲ. ಅದು ಬಂದಾಗ ಪಕ್ಕದಲ್ಲಿ ಕೂರುತ್ತಿದ್ದೆ.

ಕಳೆದ ಸೂಟಿಯಲ್ಲಿ ಹೊನ್ನಾವರಕ್ಕೆ ಹೋಗಿದ್ದೆ. ಘಟ್ಟ ಇಳಿದು ಉಪ್ಪುಗಾಳಿ ಮೂಗಿಗೆ ಬಡಿದಾಗ, ಇಲ್ಲಿ ಅದು ಬರುವುದಿಲ್ಲ, ಇದು ನನ್ನ ನೆಲ ಎಂದುಕೊಂಡೆ. ಅವ್ವ ಬಂಗಡೆ ಸಾರು ಮಾಡಿದ್ದಳು. ಅಣ್ಣ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, "ಇದು ನಿಂದೇ, ಯಾವಾಗ ಬಂದು ಉಳಿತೆ?" ಎಂದು ಕೇಳಿದ್ದ. ಎರಡನೆಯ ದಿನ, ಹಿತ್ತಲಲ್ಲಿ, ನಾನು ಆಡಿ ಬೆಳೆದ ಹಲಸಿನ ಮರದ ನೆರಳಿನಲ್ಲೇ ಅದು ಬಂತು. ಆಗ ತಿಳಿಯಿತು, ಇಷ್ಟು ದಿನ ನಾನು ಆ ಬಯಲಿನ ಮೇಲೆ ವೃಥಾ ತಪ್ಪು ಹೊರಿಸಿದ್ದೆ.

ಅವ್ವ ಓಡಿಬಂದಳು. "ಎಂತ ಆಯ್ತೇ ಮಗಾ!" ಎಂದು ಎದೆ ಬಡಿದುಕೊಂಡಳು, ಅಣ್ಣನನ್ನು ಕೂಗಿದಳು, ಮಂತ್ರ ಹಾಕುವವನನ್ನು ಕರೆಸಲು ಹೇಳಿದಳು. ಅವಳ ಗಾಬರಿಗೆ ನನ್ನದು ಇಮ್ಮಡಿಯಾಯಿತು. "ಅವ್ವ, ಏನೂ ಮಾಡಬೇಡ, ಸುಮ್ಮನೆ ಹತ್ತಿರ ಕೂತ್ಕೊ" ಎಂದೆ. ಅವಳಿಂದಾಗಲಿಲ್ಲ. ಹೆತ್ತವಳು ಹೇಗೆ ಸುಮ್ಮನೆ ಕೂತಾಳು? ಅವಳ ಮಡಿಲಲ್ಲಿ ಮಲಗಿಯೇ ನಾನು ಬೇಲಿಯಾಚೆಯ ಆ ಮೊರದ ಸದ್ದಿಗಾಗಿ ಹಾತೊರೆದೆ. ಬೈಲಹೊಂಗಲದಲ್ಲಿದ್ದಾಗ ಎಷ್ಟು ಸಲ ಇದೇ ಮಡಿಲಿಗಾಗಿ ಅತ್ತಿದ್ದೆ!

ಅದು ಇಳಿದ ಮೇಲೆ ಅವ್ವ ನನ್ನ ಹಣೆಯ ಬೆವರು ಒರೆಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲಿ ಹೀಂಗಾದ್ರೆ ನಿನ್ನ ಹತ್ರ ಯಾರಿರ್ತ್ರು?" ಎಂದಳು.

"ಇದ್ದಾರೆ, ಅವ್ವ" ಎಂದೆ.

ಅವಳ ಮುಖದಲ್ಲಿ ಮೊದಲು ನೆಮ್ಮದಿ ಬಂತು. ಅದರ ಬೆನ್ನಿಗೇ, ತನ್ನದನ್ನು ಯಾರೋ ಎತ್ತಿಕೊಂಡು ಹೋದವಳ ನೋವೂ ಬಂತು. ಎರಡನ್ನೂ ಸೆರಗಿನಿಂದ ಒಟ್ಟಿಗೇ ಒರೆಸಿಕೊಂಡು, ಒಲೆಯ ಮೇಲಿನ ಸಾರು ನೋಡಲು ಎದ್ದು ಹೋದಳು.